ಸ್ವಲ್ಪದರಲ್ಲಿ ತಪ್ಪಿತು! ಆಮೇಲೆ ಮನಸ್ಸು ಹಗುರಾಗುವುದೇಕೆ?

ಬಸ್ಸಿನ ಮೆಟ್ಟಿಲಲ್ಲಿ ಕಾಲು ಜಾರಿತು, ಆದರೆ ಕಂಬಿ ಕೈಗೆ ಸಿಕ್ಕಿತು. ರಿಪೋರ್ಟುಗಳ ಚೀಲ ಆಟೋದಲ್ಲೇ ಉಳಿದಿತ್ತು, ಆಟೋ ಹೊರಡುವ ಮೊದಲೇ ನೆನಪಾಯಿತು. ಇಂಥ ಅನುಭವ ನಿಮಗೂ ಆಗಿರಬೇಕಲ್ಲವೇ? ಮೊದಲು ಎದೆ ಡವಡವ ಎನ್ನುತ್ತದೆ. ಸ್ವಲ್ಪ ಹೊತ್ತಿನ ನಂತರ ನಗು ಬರುತ್ತದೆ. ಅಂದಿನ ಚಹಾ ಕೂಡ ಹೆಚ್ಚು ರುಚಿಸುತ್ತದೆ. ಇದಕ್ಕೆ ಕಾರಣಗಳಿವೆ.

ದೇಹದಲ್ಲಿ ಏನಾಗುತ್ತದೆ?

ಮೂತ್ರಪಿಂಡಗಳ ಮೇಲೆ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ಗಾಬರಿಯಾದ ಕ್ಷಣದಲ್ಲಿ ಇವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ನಾಡಿ ಜೋರಾಗುತ್ತದೆ, ಅಂಗೈ ಬೆವರುತ್ತದೆ, ಕೈ ನಡುಗುತ್ತದೆ. ಅಪಾಯ ಕಳೆದ ಕೆಲವು ನಿಮಿಷಗಳಲ್ಲಿ ಇದರ ಪ್ರಭಾವ ಇಳಿದು, ದೇಹವನ್ನು ಶಾಂತಗೊಳಿಸುವ ನರಗಳ ಕೆಲಸ ಮೇಲಾಗುತ್ತದೆ. ಬಿಗಿಯಾಗಿದ್ದ ಸ್ನಾಯುಗಳು ಸಡಿಲವಾಗುತ್ತವೆ. ಬಲವಾದ ಒಂದು ಭಾವನೆ ಇಳಿಯುವಾಗ ಅದರ ವಿರುದ್ಧ ಭಾವನೆ ಏಳುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಸಾಲೊಮನ್ ಮತ್ತು ಜಾನ್ ಕಾರ್ಬಿಟ್ 1974ರಲ್ಲಿ ವಿವರಿಸಿದರು. ಭಯ ಇಳಿದಲ್ಲಿ ನೆಮ್ಮದಿ ಏಳುವುದು ಹೀಗೆ.

ಮನಸ್ಸಿನಲ್ಲಿ ಏನಾಗುತ್ತದೆ?

ಮನಸ್ಸು ಹೋಲಿಕೆ ಮಾಡುತ್ತದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಚಿತ್ರೀಕರಣ ಬಳಸಿ ನಡೆಸಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರ ಮುಖದಲ್ಲೇ ಹೆಚ್ಚು ಸಂತೋಷ ಕಂಡಿತ್ತು! ಬೆಳ್ಳಿಯವರು "ಚಿನ್ನ ತಪ್ಪಿತು" ಎಂದುಕೊಂಡರೆ, ಕಂಚಿನವರು "ಏನೂ ಸಿಗದೆ ಹೋಗುತ್ತಿತ್ತು, ಸದ್ಯ ಸಿಕ್ಕಿತು" ಎಂದುಕೊಳ್ಳುತ್ತಾರೆ ಎಂಬುದು ಸಂಶೋಧಕರ ವಿವರಣೆ. ಕಂಬಿ ಸಿಕ್ಕಿದ ಕ್ಷಣದಲ್ಲಿ ನೀವೂ ಕಂಚು ಗೆದ್ದವರೇ. ದಿನವೂ ನಡೆಯುವ ಎರಡು ಕಾಲುಗಳ ಬೆಲೆ ಆಗ ತಿಳಿಯುತ್ತದೆ.

ವಾರ್ಡಿನಲ್ಲಿ ಇದರ ಉಪಯೋಗ

ಇದಕ್ಕಾಗಿ ಅಪಾಯವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ರಾತ್ರಿ ಮಲಗುವ ಮುನ್ನ ಸುಮ್ಮನೆ ಯೋಚಿಸಿ: ಇಂದು ಯಾವ ತೊಂದರೆ ತಪ್ಪಿತು? ಯಾರು ಜೊತೆಗಿಲ್ಲದಿದ್ದರೆ ಕಷ್ಟವಾಗುತ್ತಿತ್ತು? ಅದನ್ನು ಪಕ್ಕದಲ್ಲಿರುವವರೊಡನೆ ಹೇಳಿಕೊಳ್ಳಿ. ಕಾಯಿಲೆ ಇದರಿಂದ ಗುಣವಾಗದು, ಆದರೆ ದೀರ್ಘ ದಿನದ ಭಾರ ಕಡಿಮೆಯಾಗುತ್ತದೆ.

ಸಂಬಂಧಿಕರಿಗೊಂದು ಮಾತು: ರೋಗಿ ಬೀಳುವುದು ತಪ್ಪಿದಾಗ "ನೋಡಿ ನಡೆಯಬಾರದೇ?" ಎಂದು ಗದರಬೇಡಿ. ಗದರಿಸಿಕೊಂಡವರು ಮುಂದಿನ ಸಲ ಮುಚ್ಚಿಡುತ್ತಾರೆ. ಮೊದಲು ಕೂರಿಸಿ, ನಿಧಾನವಾಗಿ ಉಸಿರಾಡಲು ಹೇಳಿ.

ಇವನ್ನು ನಕ್ಕು ಬಿಡಬೇಡಿ

* ಎದ್ದು ನಿಂತಾಗ ತಲೆ ತಿರುಗಿ ಬೀಳುವಂತಾಗಿದ್ದರೆ ಸಿಸ್ಟರ್‌ಗೆ ತಿಳಿಸಿ. ರಕ್ತದೊತ್ತಡ ಇಳಿದಿರಬಹುದು, ಮಾತ್ರೆಯ ಪ್ರಮಾಣ ನೋಡಬೇಕಾಗಬಹುದು. ಏಳುವ ಮೊದಲು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತುಕೊಳ್ಳಿ.
* ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ ನಡುಕ, ಬೆವರು ಬಂದರೆ ಅದು ಗಾಬರಿಯೆಂದೇ ತಿಳಿಯಬೇಡಿ. ಸಕ್ಕರೆ ಅಂಶ 70ಕ್ಕಿಂತ ಕೆಳಗಿಳಿದಾಗಲೂ ಹೀಗೆಯೇ ಆಗುತ್ತದೆ. ಕೂಡಲೇ ಪರೀಕ್ಷೆ ಮಾಡಿಸಿ.
* ಎದೆನೋವು, ಉಸಿರಾಟದ ತೊಂದರೆ ಕಂಡರೆ ತಕ್ಷಣ ಕರೆಯಿರಿ.
* ಅಪಘಾತ ತಪ್ಪಿ ಒಂದು ತಿಂಗಳಾದರೂ ಅದೇ ಕನಸು, ಅದೇ ಭಯ ಕಾಡುತ್ತಿದ್ದರೆ ವೈದ್ಯರೊಡನೆ ಮಾತನಾಡಿ. ಅದಕ್ಕೆ ಚಿಕಿತ್ಸೆಯಿದೆ.

ಬಚ್ಚಲಿನ ಒದ್ದೆ ನೆಲದಲ್ಲಿ ನೀವು ಇಂದು ಪಾರಾದಿರಿ, ಸಂತೋಷ. ಆದರೆ ಅದೇ ನೆಲದಲ್ಲಿ ನಾಳೆ ಪಕ್ಕದ ಮಂಚದ ಅಜ್ಜಿ ಕಾಲಿಡುತ್ತಾರೆ. ನೀವು ಇಂದು ಹೇಳಿದರೆ ನೆಲ ಒರೆಸಿಸುತ್ತೇವೆ, ಅಜ್ಜಿಯೂ ಪಾರಾಗುತ್ತಾರೆ.