ವಿದ್ಯುತ್ ಸ್ವಚ್ಛ ವಾಹಿನಿ: ಮುಂದಿನ ಟಯರುಗಳ ಅಸಮ ಸವೆತ



ಮಳೆಗಾಲ ಕಳೆದೊಡನೆ ಕುಂದಾಪುರ, ಬೈಂದೂರು ಭಾಗದ ಹೊಂಡಬಿದ್ದ ಒಳರಸ್ತೆಗಳಲ್ಲಿ ಸಂಚರಿಸುವ ನಾಲ್ಕು ಚಕ್ರದ ವಿದ್ಯುತ್ ಸ್ವಚ್ಛ ವಾಹಿನಿಯ ಮುಂದಿನ ಟಯರುಗಳನ್ನು ಕೈಯಿಂದ ಸವರಿ ಪರಿಶೀಲಿಸತಕ್ಕದ್ದು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ನಡುಭಾಗ ಸವೆದಿದ್ದರೆ ಅಧಿಕ. ಒಂದು ದಿಕ್ಕಿಗೆ ನುಣುಪಾಗಿ, ಮರುದಿಕ್ಕಿಗೆ ಗರಗಸದಂತೆ ತಾಗಿದರೆ ಚಕ್ರಗಳ ಜೋಡಣೆ ತಪ್ಪಿದೆ. ಬ್ಯಾಟರಿಯ ಭಾರವೂ ಸೇರುವುದರಿಂದ ಹೊಂಡದ ಹೊಡೆತ ಇಲ್ಲಿ ಹೆಚ್ಚು.

ಅಲೈನ್‌ಮೆಂಟ್ ವೆಚ್ಚಕ್ಕೆ ಮಂಜೂರಾತಿ ನೀಡುವ ಮುನ್ನ ಟೈ ರಾಡ್, ಬಾಲ್ ಜಾಯಿಂಟ್, ಬೇರಿಂಗ್ ಸಡಿಲವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಸಡಿಲವಿದ್ದಲ್ಲಿ ಜೋಡಣೆ ನಿಲ್ಲದು. ಹೊಸ ಟಯರೂ ಅದೇ ರೀತಿ ಸವೆಯುವುದು. ಗೆರೆಗಳ ಆಳ 1.6 ಮಿ.ಮೀ.ಗೆ ಇಳಿದ ಟಯರು ಒದ್ದೆ ರಸ್ತೆಯಲ್ಲಿ ಬ್ರೇಕಿಗೆ ನಿಲ್ಲದೆ ಜಾರುವ ಸಂಭವವಿದೆ. ಸ್ಟಿಯರಿಂಗ್ ಒಂದು ಬದಿಗೆ ಎಳೆಯುತ್ತಿದೆಯೆಂದು ಚಾಲಕಿ ಹೇಳಿದ ದಿನವೇ ಅದನ್ನು ವಾಹನದ ಲಾಗ್ ಪುಸ್ತಕದಲ್ಲಿ ನಮೂದಿಸತಕ್ಕದ್ದು.