ಸೋದರ ಸಂಬಂಧದ ಮದುವೆ ಮತ್ತು ಹುಟ್ಟು ನ್ಯೂನತೆ: ಸಂಘಗಳಿಗೆ ಒಂದು ಪಾಠ



ಕಮಠಾಣದ ಕಡೆ ಮಹಿಳಾ ಸಂಘದ ಸಭೆಗಳಲ್ಲಿ ತಾಯಿ-ಮಗುವಿನ ಆರೋಗ್ಯದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. "ಅಕ್ಕನ ಮಗಳನ್ನೇ ತಂದ್ಕೊಂಡ್ರ ಮನೆತನ ಗೊತ್ತಿರ್ತದ, ಹೊಲಾನೂ ಹೊರಗ ಹೋಗಂಗಿಲ್ಲ. ಇದ್ರಾಗ ತಪ್ಪೇನದರಿ?" ಇನ್ನೊಂದು ಮಾತು ಮೆಲ್ಲಗೆ ಬರುತ್ತದೆ: "ಗ್ರಹಣದಾಗ ಹೊರಗ ಬಂದಿದ್ಲು, ಅದಕ್ಕೇ ಕೂಸಿನ ತುಟಿ ಸೀಳ್ಯದ ಅಂತಾರ." ಈ ಪಾಠದಲ್ಲಿ ಎರಡಕ್ಕೂ ಉತ್ತರ ಹುಡುಕೋಣ.

ನಮ್ಮ ರಾಜ್ಯದಲ್ಲೇ ಈ ಬಗ್ಗೆ ದೊಡ್ಡ ಸಂಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್, ಡಾ. ಎ. ರಾಧಾ ರಮಾ ದೇವಿ ಮತ್ತು ವಿದೇಶದ ವಿಜ್ಞಾನಿ ಅಲನ್ ಬಿಟಲ್ಸ್ 1980ರ ದಶಕದಲ್ಲಿ ಈ ಕೆಲಸ ಮಾಡಿದರು. ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಹುಟ್ಟಿನಿಂದ ಬರುವ ರೋಗಗಳಿಗಾಗಿ ಪರೀಕ್ಷೆ ಮಾಡಲಾಯಿತು. ಜೊತೆಗೆ "ನೀವು ಗಂಡ-ಹೆಂಡತಿ ಮೊದಲೇ ಸಂಬಂಧಿಕರೋ?" ಎಂದು ಕೇಳಿ ಬರೆದುಕೊಂಡರು. 1980ರಿಂದ 1989ರವರೆಗೆ ಹೀಗೆ ಲೆಕ್ಕಕ್ಕೆ ಸಿಕ್ಕ ಮದುವೆಗಳು 1,07,518. ಅವುಗಳಲ್ಲಿ 100ಕ್ಕೆ 31 ರಕ್ತಸಂಬಂಧದ ಮದುವೆಗಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದಲ್ಲಿ ಇದು 100ಕ್ಕೆ ಸುಮಾರು 27. ಅಂದರೆ ಪದ್ಧತಿ ಇನ್ನೂ ಹೋಗಿಲ್ಲ.

ಇದರಿಂದ ಮಗುವಿಗೆ ಏನಾಗುತ್ತದೆ? ನಮ್ಮ ದೇಹದ ಪ್ರತಿಯೊಂದು ಕೆಲಸಕ್ಕೂ ಪಹಣಿಯಂತೆ ಒಂದು ಬರಹ ಇದೆ ಎಂದುಕೊಳ್ಳಿ. ಅದನ್ನೇ ವಂಶವಾಹಿ ಅನ್ನುತ್ತಾರೆ. ಸಾಮಾನ್ಯವಾಗಿ ಅದರ ಎರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಎಷ್ಟೋ ರೋಗಗಳಲ್ಲಿ ಒಂದು ಪ್ರತಿ ಹರಿದಿದ್ದರೂ ಇನ್ನೊಂದರಿಂದ ಕೆಲಸ ನಡೆಯುತ್ತದೆ, ಆ ಮನುಷ್ಯ ಗಟ್ಟಿಮುಟ್ಟಾಗಿಯೇ ಇರುತ್ತಾನೆ. ಇಂಥ ಹರಿದ ಪ್ರತಿಗಳು ನಮ್ಮೆಲ್ಲರಲ್ಲೂ ಕೆಲವು ಇವೆ. ತೊಂದರೆ ಬರುವುದು ಗಂಡ-ಹೆಂಡತಿ ಇಬ್ಬರಲ್ಲೂ ಅದೇ ಪ್ರತಿ ಹರಿದಿದ್ದಾಗ. ಸೋದರತ್ತೆ, ಸೋದರಮಾವನ ಮಕ್ಕಳ ನಡುವೆ 8ರಲ್ಲಿ 1 ಪಾಲು ವಂಶವಾಹಿ ಒಂದೇ ಆಗಿರುತ್ತದೆ. ಮಾವ ಮತ್ತು ಅಕ್ಕನ ಮಗಳ ನಡುವೆ 4ರಲ್ಲಿ 1 ಪಾಲು. ತಲೆತಲಾಂತರ ಹೀಗೇ ನಡೆದ ಮನೆತನದಲ್ಲಿ ಇದು ಇನ್ನೂ ಹೆಚ್ಚು.

ಹೆದರಿಸುವುದು ನಮ್ಮ ಉದ್ದೇಶವಲ್ಲ. ಯಾವ ದಂಪತಿಗಾದರೂ 100ರಲ್ಲಿ 2-3 ಮಕ್ಕಳಿಗೆ ಹುಟ್ಟು ನ್ಯೂನತೆ ಇರುತ್ತದೆ. ಸೋದರತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದಕ್ಕೆ ಇನ್ನೂ 2-3 ಸೇರುತ್ತದೆ. ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ಆದ್ದರಿಂದಲೇ "ನಮ್ಮಜ್ಜಿ ಕಾಲದಿಂದ ಹಿಂಗೇ ನಡದದ, ಏನೂ ಆಗಿಲ್ಲ" ಎನ್ನುವವರ ಮಾತು ಸುಳ್ಳಲ್ಲ. ಆದರೆ ಆ ಕಾಲದಲ್ಲಿ ತೊಟ್ಟಿಲಲ್ಲೇ ಹೋದ ಕೂಸುಗಳನ್ನು ಯಾರು ಎಣಿಸಿದ್ದಾರೆ?

ಎರಡು ತಪ್ಪು ತಿಳುವಳಿಕೆ ಬಹಳ ಇವೆ. "ರಕ್ತದ ಗುಂಪು ಬ್ಯಾರೆ ಬಂತು, ಇನ್ನ ಚಿಂತಿಲ್ಲ" ಅನ್ನುತ್ತಾರೆ. ರಕ್ತದ ಗುಂಪಿಗೂ ಈ ದೋಷಕ್ಕೂ ಸಂಬಂಧವೇ ಇಲ್ಲ. ಇನ್ನೊಂದು, ಇಬ್ಬರಲ್ಲೂ ದೋಷ ಇದ್ದರೆ 4ರಲ್ಲಿ 1 ಮಗುವಿಗೆ ರೋಗ ಎಂದು ಡಾಕ್ಟರು ಹೇಳಿದಾಗ, "ಒಂದಕ್ಕ ಬಂದೋಯ್ತು, ಇನ್ನ ಮೂರು ಪಾರು" ಎಂದು ತಿಳಿಯುತ್ತಾರೆ. ಹಾಗಲ್ಲ, ಪ್ರತಿ ಬಸಿರಿಗೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಇಲ್ಲಿ ತಾಯಿಯ ಪಾಲು ಅರ್ಧ, ತಂದೆಯ ಪಾಲೂ ಅರ್ಧ. ಸೊಸೆಯನ್ನು ಮಾತ್ರ ತವರಿಗೆ ಕಳಿಸುವುದು ಅನ್ಯಾಯ.

ಗ್ರಹಣದಿಂದ ತುಟಿ ಸೀಳುವುದಿಲ್ಲ. ಸೀಳುತುಟಿಯನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಾರೆ. ಬೆನ್ನುಹುರಿಯ ದೋಷವನ್ನಂತೂ ಬಹುಮಟ್ಟಿಗೆ ಮೊದಲೇ ತಡೆಯಬಹುದು. 1991ರಲ್ಲಿ ಪ್ರಕಟವಾದ, 7 ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ, ಹಿಂದೆ ಇಂಥ ಮಗು ಹೆತ್ತ ತಾಯಂದಿರು ಬಸಿರಿಗೆ ಮುಂಚಿನಿಂದಲೇ ಫೋಲಿಕ್ ಆಸಿಡ್ ನುಂಗಿದಾಗ ದೋಷ ಮರುಕಳಿಸುವುದು 100ಕ್ಕೆ 72ರಷ್ಟು ಇಳಿಯಿತು. ಬೆನ್ನುಹುರಿಯ ಕೊಳವೆ ಗರ್ಭ ನಿಂತ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತದ್ದು ಗೊತ್ತಾಗುವ ಹೊತ್ತಿಗೆ ಆ ಕೆಲಸ ಮುಗಿಯುತ್ತಾ ಬಂದಿರುತ್ತದೆ. ಅದಕ್ಕೇ ಮದುವೆಯಾದ ಹುಡುಗಿ ಮಗು ಬೇಕೆಂದಾಗಲೇ ಮಾತ್ರೆ ಶುರು ಮಾಡಬೇಕು. ಹಿಂದೆ ಇಂಥ ಮಗು ಹುಟ್ಟಿದ್ದರೆ ಹೆಚ್ಚಿನ ಪ್ರಮಾಣ ಬೇಕು, ಡಾಕ್ಟರನ್ನು ಕೇಳಿ.

ನಮ್ಮ ಧರ್ಮಸಭೆಯ ಕಾನೂನಿನ 1091ನೇ ನಿಯಮವೂ ಇಂಥ ಹತ್ತಿರದ ಮದುವೆಗೆ ತಡೆ ಹಾಕುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯೂ ರೂಢಿ ಇದ್ದಲ್ಲಿ ಮಾತ್ರ ಬಿಡುತ್ತದೆ. ಸ್ಕ್ಯಾನಿಂಗ್ ಬಗ್ಗೆಯೂ ಒಂದು ಮಾತು: ಗಂಡೋ ಹೆಣ್ಣೋ ಎಂದು ಕೇಳುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಮಗುವಿನ ಹೃದಯದಲ್ಲೋ ಬೆನ್ನಿನಲ್ಲೋ ದೋಷ ಕಂಡರೆ, ಆ ಮಗುವನ್ನು ಬೇಡವೆನ್ನಲು ಅಲ್ಲ, ಹೆರಿಗೆಯನ್ನು ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸಲು ಆ ತಿಳುವಳಿಕೆ ಬಳಸಿರಿ.

ನ್ಯೂನತೆ ಇರುವ ಮಗು ಈಗಾಗಲೇ ಮನೆಯಲ್ಲಿದ್ದರೆ ಮುಚ್ಚಿಡಬೇಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗೆ ತಪಾಸಣೆ, ಚಿಕಿತ್ಸೆ ಉಚಿತ. ವೈದ್ಯರ ತಂಡ ಅಂಗನವಾಡಿಗೆ ಬರುವ ದಿನವನ್ನು ಆಶಾ ಕಾರ್ಯಕರ್ತೆಯಿಂದ ಕೇಳಿಕೊಳ್ಳಿ. ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯ ಮೂರು ತಲೆಮಾರಿನ ಮದುವೆ, ಹುಟ್ಟಿದ ಮಕ್ಕಳು, ತೀರಿಹೋದ ಮಕ್ಕಳು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ ತನ್ನಿರಿ. ಅದನ್ನು ಎಲ್ಲರ ಮುಂದೆ ಓದುವುದಿಲ್ಲ. ಡಾಕ್ಟರ ಹತ್ತಿರ ಹೋದಾಗ ಅವರು ಮೊದಲು ಕೇಳುವುದೇ ಅದನ್ನು.