ಕೊರಳಿಗೊಂದು ತಂಪು ಪಟ್ಟಿ

ಮಕ್ಕಳೇ, ಬಿಸಿಲಲ್ಲಿ ಹೊಲಕ್ಕೆ ಹೋಗುವವರು ಟವೆಲನ್ನು ಒದ್ದೆ ಮಾಡಿ ತಲೆಗೆ ಸುತ್ತಿಕೊಳ್ಳುವುದನ್ನು ನೀವು ನೋಡಿರಬಹುದು. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಅಂತಹ ದಿನಗಳಿಗಾಗಿ ಕೊರಳಿಗೆ ಹಾಕುವ ಪಟ್ಟಿಯೊಂದನ್ನು ನಾವೇ ಹೊಲಿಯೋಣ.

ಬೇಕಾಗುವ ಸಾಮಗ್ರಿ: ಹಳೆಯ ಹತ್ತಿ ಪಂಚೆ, ಸೂಜಿ, ದಾರ, ಕತ್ತರಿ, ಒಂದು ಜೊತೆ ಟಿಚ್ ಬಟನ್. ನೈಲಾನ್ ಬಟ್ಟೆ ಬೇಡ, ಅದು ನೀರನ್ನು ಚೆನ್ನಾಗಿ ಹೀರುವುದಿಲ್ಲ. ಬಣ್ಣ ಬಿಡುವ ಬಟ್ಟೆಯೂ ಬೇಡ, ಬಿಳಿ ಅಂಗಿಯ ಕಾಲರ್ ಕೆಂಪಾದೀತು!

ಮಾಡುವ ವಿಧಾನ: ಕೊರಳಿನ ಸುತ್ತಳತೆಯನ್ನು ದಾರದಿಂದ ಅಳೆಯಿರಿ. ಅದಕ್ಕಿಂತ 10 ಸೆಂ.ಮೀ. ಉದ್ದವಾಗಿ, 16 ಸೆಂ.ಮೀ. ಅಗಲವಾಗಿ ಬಟ್ಟೆ ಕತ್ತರಿಸಿ. ಉದ್ದಕ್ಕೆ ಎರಡಾಗಿ ಮಡಚಿ, ಉದ್ದನೆಯ ಅಂಚನ್ನೂ ಒಂದು ತುದಿಯನ್ನೂ ಹೊಲಿಯಿರಿ. ಉದ್ದನೆಯ ಚೀಲ ಸಿಗುತ್ತದೆ. ಅದನ್ನು ತಿರುವಿ, ಹೊಲಿಗೆ ಒಳಗೆ ಹೋಗುವಂತೆ ಮಾಡಿ. ಉಳಿದ ಬಟ್ಟೆಯನ್ನು ಎರಡು ಮೂರು ಪದರ ಮಡಚಿ ಒಳಗೆ ತೂರಿಸಿ, ಬಾಯಿ ಹೊಲಿಯಿರಿ. ಪದರಗಳು ಮುದ್ದೆಯಾಗದಂತೆ ನಡುವೆ ಅಲ್ಲಲ್ಲಿ ಹೊಲಿಗೆ ಹಾಕಿ. ತುದಿಗಳಿಗೆ ಟಿಚ್ ಬಟನ್ ಇಡಿ. ಕೊರಳಿಗೂ ಪಟ್ಟಿಗೂ ನಡುವೆ ಎರಡು ಬೆರಳು ಆಡುವಷ್ಟು ಸಡಿಲವಿರಲಿ. ಗಂಟು ಮಾತ್ರ ಹಾಕಬೇಡಿ. ಆಟದಲ್ಲಿ ಯಾರಾದರೂ ಎಳೆದರೆ ಬಟನ್ ಬಿಚ್ಚಿಕೊಳ್ಳುತ್ತದೆ, ಗಂಟು ಬಿಗಿಯುತ್ತದೆ.

ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಹಿಂಡಿ ಹಾಕಿಕೊಳ್ಳಿ. ಒಣಗಿದರೆ ಮತ್ತೆ ನೆನೆಸಿ. ದಿನವೂ ಒಗೆಯಿರಿ, ಇಲ್ಲದಿದ್ದರೆ ಮುಗ್ಗಲು ವಾಸನೆ ಬರುತ್ತದೆ.

ತಂಪಾಗುವುದೇಕೆ? 1 ಗ್ರಾಂ ನೀರಿನ ತಾಪವನ್ನು 1 ಡಿಗ್ರಿ ಏರಿಸಲು 1 ಕ್ಯಾಲೊರಿ ಉಷ್ಣ ಸಾಕು. ಅದೇ 1 ಗ್ರಾಂ ನೀರು ಬೇಸಿಗೆಯ ತಾಪದಲ್ಲಿ ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು! ಈ ಉಷ್ಣದಲ್ಲಿ ಒಂದು ಪಾಲನ್ನು ನೀರು ನಿಮ್ಮ ಕೊರಳಿನಿಂದಲೇ ಪಡೆಯುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಹೀಗೆಯೇ.

ಆದರೆ ಎಚ್ಚರ! ಕೊರಳು ತಂಪಾದರೆ ಹಿತವೆನಿಸುತ್ತದೆ, ದೇಹದ ಒಳಗಿನ ತಾಪ ಮಾತ್ರ ಹೆಚ್ಚೇನೂ ಇಳಿಯುವುದಿಲ್ಲ. ಪಟ್ಟಿಯಿದೆ ಎಂದು ನಡುಮಧ್ಯಾಹ್ನ ಆಡುತ್ತಾ ನಿಲ್ಲಬೇಡಿ. ನೀರು ಕುಡಿಯುತ್ತಿರಿ. ತಲೆ ಸುತ್ತಿದರೆ, ವಾಂತಿ ಬಂದರೆ ಕೂಡಲೇ ನೆರಳಿಗೆ ಬಂದು ಶಿಕ್ಷಕರಿಗೆ ತಿಳಿಸಿ.

ಮಂಗಳೂರಿನಲ್ಲಿ ಇದೇ ಪಟ್ಟಿ ಅಷ್ಟು ತಂಪು ಕೊಡದು. ಕರಾವಳಿಯ ಗಾಳಿಯಲ್ಲಿ ಈಗಾಗಲೇ ನೀರಾವಿ ತುಂಬಿರುವುದರಿಂದ ಪಟ್ಟಿಯ ನೀರು ನಿಧಾನವಾಗಿ ಆರುತ್ತದೆ. ನಿಮ್ಮ ಊರಿನಲ್ಲಿ ಹೇಗೆ? ಒದ್ದೆ ಪಟ್ಟಿಯನ್ನು ನೆರಳಿನಲ್ಲಿ ತೂಗುಹಾಕಿ, ಒಣಗಲು ಹಿಡಿದ ಸಮಯವನ್ನು ಬರೆದಿಡಿ. ಮಳೆ ಬಂದ ದಿನ ಮತ್ತೊಮ್ಮೆ ಮಾಡಿ ನೋಡಿ.